ಹಳೆಯ ಕಾರ್ಸೆಟ್‌ಗಳ ಕಾಲನಿರ್ಣಯ

ಕಾರ್ಸೆಟ್ ಎಂಬುದು ಯುರೋಪ್ ಮತ್ತು ಅಮೆರಿಕಗಳಲ್ಲಿ ಮುಖ್ಯವಾಗಿ ಮಹಿಳೆಯರು ಎದೆಯಿಂದ ಸೊಂಟದವರೆಗೆ ಬಿಗಿದು ಧರಿಸುತ್ತಿದ್ದ, ಗಡಸು ಪಟ್ಟಿಗಳನ್ನು ಅಳವಡಿಸಿದ ಒಳ ಉಡುಪು. ಇಂದು ಉಳಿದುಬಂದಿರುವ ಕಾರ್ಸೆಟ್‌ಗಳ ಕಾಲವನ್ನು ಅವುಗಳ ಹೊಲಿಗೆ, ಆಕಾರ, ಬಳಸಿದ ವಸ್ತು ಹಾಗೂ ಒಳಮೈಯ ಮುದ್ರೆಗಳಿಂದ ಗುರುತಿಸಲಾಗುತ್ತದೆ. ಮೊದಲಿನಿಂದಲೂ ಉಡುಪಿನಲ್ಲಿದ್ದ ಭಾಗಗಳ ಪೈಕಿ ಯಾವುದು ಎಲ್ಲಕ್ಕಿಂತ ತಡವಾಗಿ ಬಳಕೆಗೆ ಬಂದಿತೋ, ಉಡುಪು ಅದಕ್ಕಿಂತ ಹಳೆಯದಾಗಿರಲಾರದು ಎಂಬುದು ಇಲ್ಲಿಯ ಮೂಲ ನಿಯಮ. ಲಾಡಿಗಳನ್ನು ಆಗಾಗ ಬದಲಾಯಿಸುತ್ತಿದ್ದುದರಿಂದ ಅವು ಸಾಕ್ಷ್ಯವಾಗುವುದಿಲ್ಲ.

ಹೊಲಿಗೆ ಮತ್ತು ಬಿಗಿಯುವ ವಿಧಾನ

ಹದಿನೆಂಟನೆಯ ಶತಮಾನದಲ್ಲಿ ‘ಸ್ಟೇಸ್’ ಎಂದು ಕರೆಯಲಾಗುತ್ತಿದ್ದ ಉಡುಪುಗಳು ಪೂರ್ಣವಾಗಿ ಕೈಹೊಲಿಗೆಯವು. ಲಾಡಿ ಪೋಣಿಸುವ ತೂತುಗಳ ಅಂಚನ್ನು ದಾರದಿಂದಲೇ ಭದ್ರಪಡಿಸಲಾಗುತ್ತಿತ್ತು. 1828ರಲ್ಲಿ ಫ್ರಾನ್ಸಿನ ದೋದೆ ಎಂಬಾತ ಲೋಹದ ಐಲೆಟ್‌ಗಳಿಗೆ ಪೇಟೆಂಟ್ ಪಡೆದ. ಆದರೆ ಮನೆಯಲ್ಲಿ ಹೊಲಿದ ಕಾರ್ಸೆಟ್‌ಗಳಲ್ಲಿ ದಾರದ ತೂತುಗಳು ಮುಂದೆಯೂ ಕಾಣಸಿಗುತ್ತವೆ. ಆದ್ದರಿಂದ ಲೋಹವಿಲ್ಲದಿರುವುದು ಪ್ರಾಚೀನತೆಗೆ ಪ್ರಮಾಣವಲ್ಲ.

ಎದೆಯ ಮುಂಭಾಗದ ಗಟ್ಟಿ ಪಟ್ಟಿಗೆ ಬಸ್ಕ್ ಎಂದು ಹೆಸರು. ಹಿಂದೆ ಅದು ಮರ, ದಂತ ಅಥವಾ ಲೋಹದ ಒಂದೇ ತುಂಡಾಗಿತ್ತು. ಕೊಂಡಿ ಮತ್ತು ಗುಂಡಿಗಳಿಂದ ಜೋಡಿಸಬಹುದಾದ ಎರಡು ಭಾಗಗಳ ಬಸ್ಕ್‌ಗೆ 1829ರಲ್ಲಿ ಪೇಟೆಂಟ್ ದೊರೆತರೂ ಅದು ಸಾರ್ವತ್ರಿಕವಾದುದು ಶತಮಾನದ ಮಧ್ಯಭಾಗದಲ್ಲಿ. ಕೆಳತುದಿ ಚಮಚದಂತೆ ಅಗಲವಾಗಿ ಒಳಬಾಗಿರುವ ಬಸ್ಕ್ 1870 ಮತ್ತು 1880ರ ದಶಕಗಳ ಲಕ್ಷಣ. ಯಂತ್ರದ ಹೊಲಿಗೆ ಇದ್ದರೆ ಆ ಕಾರ್ಸೆಟ್ ಸಾಮಾನ್ಯವಾಗಿ 1850ರ ದಶಕದ ಅನಂತರದ್ದು.

ಗಡಸು ಪಟ್ಟಿಗಳು

ತಿಮಿಂಗಿಲದ ಬಾಯಿಯಿಂದ ತೆಗೆದ ಬಲೀನ್ ಪಟ್ಟಿಯನ್ನು ‘ತಿಮಿಂಗಿಲದ ಮೂಳೆ’ ಎನ್ನುವುದು ರೂಢಿಯಾದರೂ ಅದು ಮೂಳೆಯಲ್ಲ. ಉಗುರು, ಕೊಂಬುಗಳ ಜಾತಿಯ ವಸ್ತು. ಹಳತಾದಾಗ ಅದು ಉದ್ದುದ್ದಕ್ಕೆ ಎಳೆಎಳೆಯಾಗಿ ಸೀಳುತ್ತದೆ. ಉಕ್ಕಾದರೆ ಬಟ್ಟೆಯ ಮೇಲೆ ತುಕ್ಕಿನ ಕಲೆ ಬಿಡುತ್ತದೆ. ಬಲೀನ್ ದುಬಾರಿಯಾದಾಗ ಬಂದ ಬದಲಿ ವಸ್ತುಗಳು ಕಾಲನಿರ್ಣಯಕ್ಕೆ ಹೆಚ್ಚು ಉಪಯುಕ್ತ. ಅಮೆರಿಕದ ವಾರ್ನರ್ ಬ್ರದರ್ಸ್ ಸಂಸ್ಥೆಯ ಸಸ್ಯನಾರಿನ ‘ಕೋರಲೈನ್’ ಹಾಗೂ 1883ರಲ್ಲಿ ಎಡ್ವರ್ಡ್ ವಾರೆನ್ ಟರ್ಕಿ ಕೋಳಿಯ ಗರಿದಂಟುಗಳಿಂದ ರೂಪಿಸಿದ ‘ಫೆದರ್‌ಬೋನ್’ ಇಂಥವು.

ಆಕಾರ ಮತ್ತು ಅಳತೆ

1860ರ ದಶಕದ ಕಾರ್ಸೆಟ್‌ಗಳು ಗಿಡ್ಡವಾಗಿದ್ದವು. ಉಬ್ಬಿದ ಲಂಗವು ನಿತಂಬವನ್ನು ಮರೆಮಾಡುತ್ತಿತ್ತು. 1900ರ ಸುಮಾರಿಗೆ ಮುಂಭಾಗ ನೇರವಾಯಿತು. 1908ರ ಬಳಿಕ ಕಾರ್ಸೆಟ್ ತೊಡೆಯತ್ತ ಇಳಿದು, ಎದೆಯ ಭಾಗ ತಗ್ಗಿತು. ಸೊಂಟದ ಅಳತೆಯ ವಿಷಯದಲ್ಲಿ ಎಚ್ಚರ ಅಗತ್ಯ. ಅಂಚುಗಳನ್ನು ಪೂರ್ತಿ ಕೂಡಿಸಿ ಅಳೆದರೆ ಬರುವುದು ಉಡುಪಿನ ಅಳತೆ. ಬೆನ್ನಿನಲ್ಲಿ ಕೆಲವು ಅಂಗುಲ ಅಂತರ ಬಿಟ್ಟು ಲಾಡಿ ಕಟ್ಟುವುದು ಸಾಮಾನ್ಯವಾಗಿದ್ದುದರಿಂದ, ಅದನ್ನೇ ಧರಿಸಿದವಳ ನಡುವಿನ ಅಳತೆಯೆಂದು ಹೇಳುವುದು ತಪ್ಪು.

ಮುದ್ರೆ ಮತ್ತು ಪೇಟೆಂಟ್ ದಿನಾಂಕ

ಒಳಮೈಯಲ್ಲಿ ಅಚ್ಚಾದ ಪೇಟೆಂಟ್ ದಿನಾಂಕವನ್ನು ತಯಾರಿಕೆಯ ದಿನಾಂಕವೆಂದು ಭಾವಿಸುವುದು ಬಹು ಸಾಮಾನ್ಯವಾದ ತಪ್ಪು. ಒಂದೇ ದಿನಾಂಕವನ್ನು ವರ್ಷಗಟ್ಟಲೆ ಅಚ್ಚೊತ್ತಲಾಗುತ್ತಿತ್ತು. ಇನ್ನೊಂದೆಡೆ, ಪೇಟೆಂಟ್‌ಗಿಂತ ಮೊದಲೇ ವಸ್ತು ಬಳಕೆಯಲ್ಲಿದ್ದುದೂ ಉಂಟು. ಸ್ಯಾಮ್ಯುಯೆಲ್ ಬಾರ್ನ್ಸ್ 1866ರಲ್ಲಿ ಪೇಟೆಂಟ್ ಪಡೆದ ಕಾರ್ಸೆಟ್‌ನ ಉಕ್ಕಿನ ಪಟ್ಟಿಗಳನ್ನು, ಮುಂದೆ ಆತನ ಪತ್ನಿಯಾದ ಫ್ರಾನ್ಸಿಸ್ 1855ರಿಂದಲೇ ಧರಿಸುತ್ತಿದ್ದಳು. ಬಟ್ಟೆಯೊಳಗೆ ಅಡಗಿದ್ದು ಯಾರ ಕಣ್ಣಿಗೂ ಬೀಳದ ಆ ಬಳಕೆಯನ್ನು ‘ಸಾರ್ವಜನಿಕ ಬಳಕೆ’ ಎಂದೇ ಪರಿಗಣಿಸಿದ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, 1881ರ ಎಗ್ಬರ್ಟ್ ವಿರುದ್ಧ ಲಿಪ್‌ಮನ್ ಪ್ರಕರಣದಲ್ಲಿ ಆ ಪೇಟೆಂಟನ್ನು ಅಸಿಂಧುವೆಂದು ತೀರ್ಪಿತ್ತಿತು.

ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆ ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರನ್ನು ಕಡ್ಡಾಯಗೊಳಿಸಿತು. ಆ ಮಾರುಕಟ್ಟೆಗಾಗಿ ತಯಾರಾದ ಕಾರ್ಸೆಟ್‌ಗಳಿಗೆ ಇದು ಉತ್ತಮ ಸುಳಿವು. ವಿಕ್ಟೋರಿಯಾ ಕಾಲದ್ದೆಂದು ಮಾರಾಟಕ್ಕೆ ಬರುವ ಕಾರ್ಸೆಟ್‌ನ ಮೂಲ ಹೊಲಿಗೆಯಲ್ಲಿಯೇ ನೈಲಾನ್ ಇದ್ದರೆ ಅದು 1930ರ ದಶಕದ ಅಂತ್ಯಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಅಂಥವುಗಳಲ್ಲಿ ಹಲವು, 1947ರಲ್ಲಿ ಕ್ರಿಶ್ಚಿಯನ್ ಡಿಯೋರ್ ಸಣ್ಣ ನಡುವಿನ ಉಡುಪುಗಳನ್ನು ಮತ್ತೆ ರೂಢಿಗೆ ತಂದ ಮೇಲೆ ತಯಾರಾದವು.