ಗೇರಿಕೆಯ ಪೀಪಾಯಿ ಮತ್ತು ಹಳೆಯ ಕಾರಿನ ಸಿಳ್ಳು

ಹಳೆಯ ಗಾಡಿ ನಿಂತಲ್ಲೇ ನಡುಗತೊಡಗಿದರೆ ಗ್ಯಾರೇಜಿನಲ್ಲಿ ‘ಎಲ್ಲೋ ಏರ್ ಎಳೀತಿದೆ’ ಎನ್ನುತ್ತಾರೆ. ಮಾತಿಗೆ ಅದು ಸರಿ. ಆದರೆ ಎಂಜಿನ್ ಗಾಳಿಯನ್ನು ಎಳೆಯುವುದಿಲ್ಲ. ಪಿಸ್ಟನ್ ಕೆಳಗಿಳಿದು ಜಾಗ ತೆರವಾದಾಗ ಹೊರಗಿನ ಗಾಳಿ ತನ್ನ ಒತ್ತಡದಿಂದ ತಾನೇ ಒಳಗೆ ನುಗ್ಗುತ್ತದೆ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದಾಗ ಪೆಟ್ರೋಲ್ ಎಂಜಿನ್ನಿನ ಥ್ರಾಟಲ್ ಬಹುಪಾಲು ಮುಚ್ಚಿಕೊಳ್ಳುತ್ತದೆ, ಅದರಾಚೆಯ ಮ್ಯಾನಿಫೋಲ್ಡಿನಲ್ಲಿ ಒತ್ತಡ ತೀರ ಇಳಿಯುತ್ತದೆ. ಇದೇ ಮೆಕ್ಯಾನಿಕ್‌ಗಳು ಹೇಳುವ ವ್ಯಾಕ್ಯೂಮ್. ಅಲ್ಲಿ ಒಂದು ರಬ್ಬರ್ ಹೋಸ್ ಬಿರಿದರೆ ಸಾಕು, ಲೆಕ್ಕಕ್ಕೆ ಸಿಗದ ಗಾಳಿ ಒಳಸೇರುತ್ತದೆ.

ಹಳೆಯ ಯುರೋಪಿಯನ್ ಕಾರುಗಳ ಈ ಕಾಯಿಲೆಯ ಬಗ್ಗೆ ಓದುವಾಗಲೆಲ್ಲ ನನಗೆ ನೆನಪಾಗುವವನು ಹದಿನೇಳನೆಯ ಶತಮಾನದ ಒಬ್ಬ ಜರ್ಮನ್, ಮ್ಯಾಗ್ಡೆಬರ್ಗ್ ನಗರದ ಮೇಯರ್ ಒಟ್ಟೊ ಫಾನ್ ಗೇರಿಕೆ. ಶೂನ್ಯವನ್ನು ಕೈಯಾರೆ ತಯಾರಿಸಬೇಕೆಂಬುದು ಅವನ ಹಟ. ಮೊದಲು ಮರದ ಪೀಪಾಯಿಗೆ ನೀರು ತುಂಬಿಸಿ, ಆ ನೀರನ್ನು ಪಂಪಿನಿಂದ ಹೊರಕ್ಕೆಳೆಸಿದ. ನೀರು ಕುದಿಯುವಂಥ ಸದ್ದು ಕೇಳಿಸಿತು: ಮರದ ಸಂದುಗಳಿಂದ ಗಾಳಿ ನುಗ್ಗುತ್ತಿತ್ತು. ಆಮೇಲೆ ಸಣ್ಣ ಪೀಪಾಯಿಯನ್ನು ನೀರು ತುಂಬಿದ ದೊಡ್ಡ ಪೀಪಾಯಿಯೊಳಗೆ ಇಟ್ಟು ನೋಡಿದ. ಈ ಸಲ ಹಕ್ಕಿ ಚಿಲಿಪಿಲಿಗುಟ್ಟಿದಂಥ ಸದ್ದು, ಮೂರು ದಿನ ನಿಲ್ಲಲಿಲ್ಲ. ಮರವನ್ನು ಬಿಟ್ಟು ತಾಮ್ರದ ಗೋಳ ಮಾಡಿಸಿದರೆ ಅದು ಢಬ್ಬೆಂದು ಅಪ್ಪಚ್ಚಿಯಾಯಿತು. 1657ರಲ್ಲಿ ಮ್ಯಾಗ್ಡೆಬರ್ಗ್‌ನಲ್ಲಿ ಎರಡು ಅರ್ಧಗೋಳಗಳನ್ನು ಜೋಡಿಸಿ, ಆ ಕಡೆ ಎಂಟು ಈ ಕಡೆ ಎಂಟು ಕುದುರೆ ಕಟ್ಟಿ ಎಳೆಸಿದ ಪ್ರಯೋಗವನ್ನು ಶಾಲೆಯ ಪಾಠದಲ್ಲಿ ಓದಿದ್ದೇವೆ. ಆ ಅರ್ಧಗೋಳಗಳ ನಡುವೆ ಇದ್ದದ್ದು ಮೇಣ ಮತ್ತು ಟರ್ಪಂಟೈನಿನಲ್ಲಿ ನೆನೆಸಿದ ಚರ್ಮದ ಬಳೆ, ಅಂದರೆ ಒಂದು ಗ್ಯಾಸ್ಕೆಟ್. ಕುದುರೆಗಳ ಸೋಲಿನಲ್ಲಿ ಆ ಚರ್ಮಕ್ಕೂ ಪಾಲಿದೆ.

ಅಂದಿನಿಂದ ಇಂದಿನವರೆಗೆ ತೂತು ಬದಲಾಗಿಲ್ಲ. ಬದಲಾದದ್ದು ಗಾಳಿಯ ಲೆಕ್ಕ ಇಡುವ ವಿಧಾನ. ಫಿಯೆಟ್ 1100, ನಮ್ಮಲ್ಲಿ ಪ್ರೀಮಿಯರ್ ಪದ್ಮಿನಿಯಾದ ಕಾರು, ಕಾರ್ಬುರೇಟರಿನ ಕಾಲದ್ದು. ಕಾರ್ಬುರೇಟರ್ ತನ್ನ ಗಂಟಲಿನಲ್ಲಿ ಹಾದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಕೊಡುತ್ತದೆ. ಅದರ ಕೆಳಗಿನ ಗ್ಯಾಸ್ಕೆಟ್ ಸೋರಿದರೆ ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗುತ್ತದೆ, ಐಡ್ಲಿಂಗ್ ಕೆಡುತ್ತದೆ, ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ.

1967ರಲ್ಲಿ, ಅಮೆರಿಕದಲ್ಲಿ ಹೊಗೆಯ ನಿಯಮಗಳು ಬಿಗಿಯಾಗುತ್ತಿದ್ದಾಗ, ಅಲ್ಲಿ ಮಾರುವ ಫೋಕ್ಸ್‌ವ್ಯಾಗನ್ 1600ಕ್ಕೆ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಬಂತು. ಇದು ಗಾಳಿಯನ್ನು ಅಳೆಯುವುದಿಲ್ಲ, ಮ್ಯಾನಿಫೋಲ್ಡಿನ ಒತ್ತಡವನ್ನು ನೋಡಿ ಪೆಟ್ರೋಲ್ ಕೊಡುತ್ತದೆ. ಸೋರಿದರೆ ಒತ್ತಡ ಏರುತ್ತದೆ, ಡ್ರೈವರ್ ಆಕ್ಸಿಲರೇಟರ್ ಒತ್ತಿದನೆಂದೇ ಅದು ತಿಳಿದು ಪೆಟ್ರೋಲ್ ಹೆಚ್ಚಿಸುತ್ತದೆ. ಹಾಗಾಗಿ ಎಂಜಿನ್ ನಡುಗುವ ಬದಲು ಜೋರಾಗಿ ಓಡುತ್ತದೆ. 1973ರಲ್ಲಿ ಪೋರ್ಷೆ 911ರಲ್ಲಿ ಬಂದ ಕೆ-ಜೆಟ್ರಾನಿಕ್ ಮಾತ್ರ ಒಳಬರುವ ಗಾಳಿ ಒಂದು ತಟ್ಟೆಯನ್ನು ಎಷ್ಟು ಎತ್ತಿತೆಂದು ನೋಡುತ್ತದೆ. ತಟ್ಟೆ ದಾಟಿದ ಮೇಲೆ ನುಸುಳಿದ ಗಾಳಿ ಅದರ ಪಾಲಿಗೆ ಇಲ್ಲವೇ ಇಲ್ಲ. ಮಿಶ್ರಣ ಮತ್ತೆ ತೆಳುವಾಗುತ್ತದೆ, ಎಂಜಿನ್ ಮತ್ತೆ ನಡುಗುತ್ತದೆ. 1976ರಲ್ಲಿ ವೋಲ್ವೊ ಕಾರುಗಳಲ್ಲಿ ಮೊದಲು ಬಂದ ಲ್ಯಾಂಬ್ಡಾ ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ ಪೆಟ್ರೋಲ್ ಸರಿಪಡಿಸತೊಡಗಿತು. ಅಲ್ಲಿಂದ ಮುಂದೆ ಸಣ್ಣ ಸೋರಿಕೆ ಬಚ್ಚಿಟ್ಟುಕೊಳ್ಳಲು ಕಲಿಯಿತು. ಒಂದೇ ತೂತು, ಹತ್ತೇ ವರ್ಷದೊಳಗೆ ಮೂರು ಬಗೆಯ ಲಕ್ಷಣ. ಯಾವ ಕಾಲದ ಗಾಡಿ ಎಂದು ಕೇಳದೆ ಸ್ಪ್ಯಾನರ್ ಹಿಡಿದವನು ಹೋಸ್ ಬಿಟ್ಟು ಫ್ಯೂಯೆಲ್ ಪಂಪ್ ಬದಲಿಸುತ್ತಾನೆ.

ವ್ಯಾಕ್ಯೂಮಿಗೆ ಬೇರೆ ಕೆಲಸಗಳನ್ನೂ ವಹಿಸಿದ್ದರಿಂದ ಸೋರಿಕೆಯ ಅಪಾಯ ಬೆಳೆಯಿತು. ಬೆಲ್ಜಿಯಂನ ಆಲ್ಬರ್ಟ್ ಡಿವಾಂಡ್ರನ ವಿನ್ಯಾಸದ ವ್ಯಾಕ್ಯೂಮ್ ಬ್ರೇಕ್ ಸರ್ವೋವನ್ನು ಬಾಷ್ 1927ರಲ್ಲಿ ಮಾರುಕಟ್ಟೆಗೆ ತಂದಿತು. ಇಲ್ಲಿ ಸೋರಿದರೆ ಕೆಡುವುದು ಐಡ್ಲಿಂಗ್ ಮಾತ್ರವಲ್ಲ, ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿಹಿಡಿದೇ ಸ್ಟಾರ್ಟ್ ಮಾಡಬೇಕು. ಪೆಡಲ್ ತುಸು ಕೆಳಗಿಳಿದರೆ ಸರ್ವೋ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಆ ಗಾಡಿಯನ್ನು ರಸ್ತೆಗೆ ತರಬಾರದು.

1976ರ ಮರ್ಸಿಡಿಸ್ ಡಬ್ಲ್ಯೂ123 ಡೀಸೆಲ್‌ನದು ಇನ್ನೂ ವಿಚಿತ್ರ. ಡೀಸೆಲ್ ಎಂಜಿನ್ನಿಗೆ ಥ್ರಾಟಲ್ ಇಲ್ಲದ್ದರಿಂದ ವ್ಯಾಕ್ಯೂಮಿಗೆಂದೇ ಪಂಪ್ ಇದೆ. ಕೀ ತಿರುಗಿಸಿದಾಗ ಎಂಜಿನ್ ನಿಲ್ಲಿಸುವುದೂ ಬಾಗಿಲ ಲಾಕ್ ನಡೆಸುವುದೂ ಅದೇ ವ್ಯಾಕ್ಯೂಮ್. ಬಾಗಿಲೊಳಗೆ ಒಂದು ರಬ್ಬರ್ ಪೊರೆ ಹರಿದರೆ, ಕೀ ತೆಗೆದ ಮೇಲೂ ಎಂಜಿನ್ ಓಡುತ್ತಲೇ ಇರಬಹುದು. ಬಾನೆಟ್ ಎತ್ತಿ ಲಿವರ್ ಒತ್ತಿಯೇ ನಿಲ್ಲಿಸಬೇಕು.

ಸೋರಿಕೆ ಹುಡುಕುವವನ ಮೊದಲ ಸಾಧನ ವ್ಯಾಕ್ಯೂಮ್ ಗೇಜ್. ಅದು ತೋರಿಸುವ ಇಂಚು ಪಾದರಸದ ಇಂಚು, 1643ರ ಟಾರಿಚೆಲ್ಲಿಯ ನಳಿಗೆಯ ಬಳುವಳಿ. 1648ರಲ್ಲಿ ಪಾಸ್ಕಲ್‌ನ ಭಾವ ಪೆರಿಯೆ ಫ್ರಾನ್ಸಿನ ಪ್ವಿ ದ ದೋಮ್ ಬೆಟ್ಟಕ್ಕೆ ಪಾದರಸ ಹೊತ್ತು ಹತ್ತಿದಾಗ ಅದು ಮೂರು ಇಂಚಿನಷ್ಟು ಇಳಿದಿತ್ತು. ಬೆಂಗಳೂರೂ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕಡಲತೀರದಲ್ಲಿ ಐಡ್ಲಿಂಗಿನಲ್ಲಿ 17ರಿಂದ 21 ಇಂಚು ತೋರಬೇಕೆಂದು ಕೈಪಿಡಿ ಹೇಳಿದರೆ, ಇಲ್ಲಿ ಮೂರು ಇಂಚು ಕಳೆಯಬೇಕು. ಇಲ್ಲದಿದ್ದರೆ ಮಂಗಳೂರಿನಲ್ಲಿ ಆರೋಗ್ಯವಾಗಿದ್ದ ಕಾರು ಬೆಂಗಳೂರಿಗೆ ಬಂದು ರೋಗಿಯಾಗಿಬಿಡುತ್ತದೆ! ಅದನ್ನೂ ಕಳೆದ ಮೇಲೆ ಮುಳ್ಳು ಕೆಳಗೇ ನಿಂತರೆ ಗುಮಾನಿ ಪಡಬಹುದು. ಇಗ್ನಿಷನ್ ಟೈಮಿಂಗ್ ತಡವಾದರೂ ಹೀಗೇ ಆಗುವುದರಿಂದ ಅದನ್ನೂ ನೋಡಿಕೊಳ್ಳಬೇಕು.

ಎರಡನೆಯದು ಗೇರಿಕೆ ಬಳಸಿದ್ದೇ, ಕಿವಿ. ಉದ್ದದ ಹೋಸಿನ ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನು ಜಾಯಿಂಟ್‌ಗಳ ಮೇಲೆ ಆಡಿಸಿದರೆ ಸಿಳ್ಳು ಸಿಗುತ್ತದೆ. ಬಿಸಿ ಎಂಜಿನ್ ಮೇಲೆ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಮಾಡುವವರಿದ್ದಾರೆ, ಅದು ಹೊತ್ತಿಕೊಳ್ಳುವ ದ್ರವ. ಎಂಜಿನ್ ಆರಿಸಿ ಒಳಗೆ ಹೊಗೆ ತುಂಬಿ, ಎಲ್ಲಿಂದ ಹೊರಬರುತ್ತದೆಂದು ನೋಡುವುದೇ ಕ್ಷೇಮ. ಜರ್ಮನ್ ಗಾಡಿಗಳ ಬಟ್ಟೆ ಹೆಣೆದ ಸಣ್ಣ ಹೋಸುಗಳಲ್ಲಿ ಬಿರುಕು ಬಟ್ಟೆಯಡಿ ಅಡಗಿರುತ್ತದೆ. ತಿದಿಯಂತೆ ಮಡಿಕೆಯಿರುವ ದೊಡ್ಡ ರಬ್ಬರ್ ನಳಿಗೆಯನ್ನು ಹಿಗ್ಗಿಸಿ ಮಡಿಕೆಗಳ ತಳ ನೋಡಬೇಕು.

ಸಿಕ್ಕಿದ ಮೇಲಿನ ಕೆಲಸ ಸಣ್ಣದು: ಹೋಸ್ ಅಥವಾ ಗ್ಯಾಸ್ಕೆಟ್ ಬದಲಿಸುವುದು. ಟೇಪು ಸುತ್ತಿದರೆ ಬಿಸಿಗೆ ಬಿಟ್ಟುಕೊಳ್ಳುತ್ತದೆ. ಆದರೆ ಐವತ್ತು ವರ್ಷದ ಗಾಡಿಯಲ್ಲಿ ಸಾಮಾನ್ಯವಾಗಿ ಸೋರಿಕೆಯೊಂದೇ ಇರುವುದಿಲ್ಲ. ಅದನ್ನು ಮುಚ್ಚಿಹಾಕಲು ಯಾರೋ ಮಿಕ್ಸ್ಚರ್ ಸ್ಕ್ರೂ ತಿರುಗಿಸಿರುತ್ತಾರೆ, ಅದನ್ನು ಸರಿದೂಗಿಸಲು ಇನ್ಯಾರೋ ಟೈಮಿಂಗ್ ಸರಿಸಿರುತ್ತಾರೆ. ಹೊಸ ಹೋಸ್ ಹಾಕಿದ ದಿನ ಆ ಹಳೆಯ ತಿದ್ದುಪಡಿಗಳೆಲ್ಲ ತಪ್ಪಾಗಿ ಎದ್ದು ನಿಲ್ಲುತ್ತವೆ. ಅವುಗಳನ್ನೂ ಒಂದೊಂದಾಗಿ ಕೈಪಿಡಿಯ ಅಳತೆಗೆ ತಂದಾಗಲೇ ರಿಪೇರಿ ಮುಗಿಯುವುದು.