ಇನ್‌ಫ್ಲುಯೆಂಜಾ ಸೋಂಕು: ಶೀಘ್ರ ಪ್ರಯೋಗಾಲಯ ಪರೀಕ್ಷಾ ವಿಧಾನಗಳು

ಇನ್‌ಫ್ಲುಯೆಂಜಾ ವೈರಾಣುವಿನಿಂದ ಶ್ವಾಸಾಂಗಗಳಿಗೆ ತಗಲುವ ಸಾಂಕ್ರಾಮಿಕ ರೋಗವಾಗಿದೆ. ಜ್ವರ, ಕೆಮ್ಮು, ಗಂಟಲು ನೋವು, ಮೈಕೈ ನೋವು ಇದರ ಮುಖ್ಯ ಲಕ್ಷಣಗಳು. ಇತರೆ ವೈರಾಣುಗಳಿಂದಲೂ ಇವೇ ಲಕ್ಷಣಗಳು ಕಂಡುಬರುವುದರಿಂದ, ಸೋಂಕನ್ನು ಖಚಿತಪಡಿಸಲು ಪ್ರಯೋಗಾಲಯ ಪರೀಕ್ಷೆ ಅವಶ್ಯಕವಾಗಿರುತ್ತದೆ.

ಮಾದರಿ ಸಂಗ್ರಹಣೆ

ಮೂಗಿನ ಹಿಂಭಾಗ ಅಥವಾ ಗಂಟಲಿನಿಂದ ಸ್ವ್ಯಾಬ್ ಮೂಲಕ ಮಾದರಿಯನ್ನು ಸಂಗ್ರಹಿಸಲಾಗುವುದು. ರೋಗಲಕ್ಷಣ ಕಾಣಿಸಿಕೊಂಡ 3-4 ದಿನಗಳೊಳಗೆ ಮಾದರಿ ನೀಡುವುದು ಸೂಕ್ತ. ತದನಂತರ ವೈರಾಣುವಿನ ಪ್ರಮಾಣ ಕುಗ್ಗುವುದರಿಂದ ಸೋಂಕು ಪತ್ತೆಯಾಗದಿರುವ ಸಾಧ್ಯತೆ ಹೆಚ್ಚುತ್ತದೆ.

ಪರೀಕ್ಷಾ ವಿಧಾನಗಳು

1. ಶೀಘ್ರ ಪ್ರತಿಜನಕ ಪರೀಕ್ಷೆ (ರ‍್ಯಾಪಿಡ್ ಆಂಟಿಜೆನ್): ವೈರಾಣುವಿನ ಪ್ರೋಟೀನನ್ನು ಪಟ್ಟಿಯ ಮೇಲೆ ಮೂಡುವ ಬಣ್ಣದ ಗೆರೆಯಿಂದ ಗುರುತಿಸುತ್ತದೆ. 10-15 ನಿಮಿಷಗಳಲ್ಲಿ ಫಲಿತಾಂಶ ದೊರೆಯುತ್ತದೆ. ಎ ಮತ್ತು ಬಿ ವಿಧಗಳನ್ನು ತಿಳಿಸಬಹುದಾದರೂ, ಎಚ್1ಎನ್1, ಎಚ್3ಎನ್2 ಮುಂತಾದ ಉಪವಿಧಗಳನ್ನು ಸಾಮಾನ್ಯವಾಗಿ ತಿಳಿಸುವುದಿಲ್ಲ.

2. ಶೀಘ್ರ ಆಣ್ವಿಕ ಪರೀಕ್ಷೆ: ವೈರಾಣುವಿನ ಆರ್‌ಎನ್‌ಎಯನ್ನು ವೃದ್ಧಿಸಿ ಗುರುತಿಸುತ್ತದೆ. 15-30 ನಿಮಿಷಗಳು ಬೇಕಾಗುತ್ತವೆ. ಪ್ರತಿಜನಕ ಪರೀಕ್ಷೆಗಿಂತ ಹೆಚ್ಚು ನಂಬಲರ್ಹವಾದುದು.

3. ಆರ್‌ಟಿ-ಪಿಸಿಆರ್: ಸೋಂಕನ್ನೂ ಉಪವಿಧವನ್ನೂ ಖಚಿತಪಡಿಸುವ ವಿಧಾನ. ಪರೀಕ್ಷೆಗೆ ಕೆಲವು ಗಂಟೆಗಳು ಸಾಕಾದರೂ, ಮಾದರಿಯ ಸಾಗಾಣಿಕೆಯೂ ಸೇರಿ ವರದಿ ತಡವಾಗಬಹುದು.

ವೈರಾಣು ಕೃಷಿಗೆ ಹಲವು ದಿನಗಳು ತಗಲುವುದರಿಂದ ಅದನ್ನು ತುರ್ತು ಚಿಕಿತ್ಸೆಗೆ ಅವಲಂಬಿಸಲಾಗುವುದಿಲ್ಲ.

ವರದಿಯನ್ನು ಅರ್ಥೈಸುವ ಬಗೆ

ಶೀಘ್ರ ಪ್ರತಿಜನಕ ಪರೀಕ್ಷೆಯು ಸೋಂಕಿತರಲ್ಲಿ ಸಾಮಾನ್ಯವಾಗಿ ಶೇ. 50 ರಿಂದ 70 ರಷ್ಟು ಮಂದಿಯನ್ನು ಮಾತ್ರ ಗುರುತಿಸುತ್ತದೆ. ಅಂದರೆ, 100 ಮಂದಿ ಸೋಂಕಿತರನ್ನು ಪರೀಕ್ಷಿಸಿದಲ್ಲಿ 30 ರಿಂದ 50 ಮಂದಿಗೆ 'ನೆಗೆಟಿವ್' ವರದಿ ಬರಬಹುದು. ಆದುದರಿಂದ ನೆಗೆಟಿವ್ ವರದಿಯೊಂದರಿಂದಲೇ ಸೋಂಕು ಇಲ್ಲವೆಂದು ಭಾವಿಸತಕ್ಕದ್ದಲ್ಲ. ಸೋಂಕು ವ್ಯಾಪಕವಾಗಿರುವ ಅವಧಿಯಲ್ಲಿ 'ಪಾಸಿಟಿವ್' ವರದಿಯು ಬಹುಮಟ್ಟಿಗೆ ವಿಶ್ವಾಸಾರ್ಹವಾಗಿರುತ್ತದೆ.

ಪರೀಕ್ಷೆ ಯಾರಿಗೆ ಅಗತ್ಯ?

ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ ಮಾರ್ಗಸೂಚಿಯು ರೋಗಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದೆ.

ಎ ವರ್ಗ: ಸೌಮ್ಯ ಜ್ವರ, ಕೆಮ್ಮು, ಗಂಟಲು ನೋವು ಇರುವವರು. ಪರೀಕ್ಷೆ ಅಗತ್ಯವಿಲ್ಲ. ಮನೆಯಲ್ಲಿಯೇ ವಿಶ್ರಾಂತಿ ಪಡೆಯತಕ್ಕದ್ದು. 24-48 ಗಂಟೆಗಳಲ್ಲಿ ವೈದ್ಯರಿಂದ ಮರುತಪಾಸಣೆ ಅಗತ್ಯ.

ಬಿ ವರ್ಗ: ತೀವ್ರ ಜ್ವರ ಮತ್ತು ತೀವ್ರ ಗಂಟಲು ನೋವು ಇರುವವರು, ಹಾಗೂ ರೋಗಲಕ್ಷಣದೊಂದಿಗೆ ಅಪಾಯಕಾರಿ ಅಂಶಗಳೂ ಇರುವ ಮಕ್ಕಳು, ರೋಗಲಕ್ಷಣವಿರುವ ಗರ್ಭಿಣಿಯರು, 65 ವರ್ಷ ಮೇಲ್ಪಟ್ಟವರು, ಮಧುಮೇಹ, ಹೃದಯ, ಶ್ವಾಸಕೋಶ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರು. ಪರೀಕ್ಷೆ ಇಲ್ಲದೆಯೇ ವೈದ್ಯರು ಔಷಧ ನೀಡಬಹುದು.

ಸಿ ವರ್ಗ: ಉಸಿರಾಟದ ತೊಂದರೆ, ಎದೆನೋವು, ಅರೆಪ್ರಜ್ಞೆ, ರಕ್ತಮಿಶ್ರಿತ ಕಫ, ಉಗುರು ನೀಲಿಗಟ್ಟುವಿಕೆ ಇರುವವರು. ಕೂಡಲೇ ಆಸ್ಪತ್ರೆಗೆ ದಾಖಲಿಸಿ ಪರೀಕ್ಷೆ ಮತ್ತು ಚಿಕಿತ್ಸೆ ಎರಡನ್ನೂ ಕೈಗೊಳ್ಳಬೇಕು.

ಸಾರ್ವಜನಿಕರಿಗೆ ಸೂಚನೆಗಳು

• ಒಸೆಲ್ಟಾಮಿವಿರ್ ಔಷಧವು ಲಕ್ಷಣ ಆರಂಭವಾದ 48 ಗಂಟೆಗಳೊಳಗೆ ನೀಡಿದಲ್ಲಿ ಹೆಚ್ಚು ಪರಿಣಾಮಕಾರಿ. ವೈದ್ಯರು ಚಿಕಿತ್ಸೆ ಸೂಚಿಸಿದಲ್ಲಿ ವರದಿಗಾಗಿ ಕಾಯದೆ ಪ್ರಾರಂಭಿಸತಕ್ಕದ್ದು.
• ವೈದ್ಯರ ಸಲಹೆಯಿಲ್ಲದೆ ಈ ಔಷಧವನ್ನಾಗಲಿ, ಆಂಟಿಬಯಾಟಿಕ್‌ಗಳನ್ನಾಗಲಿ ಸೇವಿಸಬಾರದು. ಆಂಟಿಬಯಾಟಿಕ್‌ಗಳು ವೈರಾಣುವನ್ನು ನಾಶಪಡಿಸುವುದಿಲ್ಲ.
• ವರದಿ ನೆಗೆಟಿವ್ ಇದ್ದರೂ ಸಿ ವರ್ಗದ ಯಾವುದೇ ಲಕ್ಷಣ ಕಂಡುಬಂದಲ್ಲಿ ತಡಮಾಡದೆ ಸಮೀಪದ ಆಸ್ಪತ್ರೆಯನ್ನು ಸಂಪರ್ಕಿಸುವುದು.