ಮುಚ್ಚಳ ಎದ್ದಿತು ಅಂದ್ರೆ ಏನರ್ಥ?

ರಾತ್ರಿ ಒಂಬತ್ತರ ಚರ್ಚೆ ಮುಗಿಸಿ ಸ್ಟುಡಿಯೋದಿಂದ ಹೊರಟರೆ ನಾನು ಮನೆ ಸೇರೋದು ಹನ್ನೊಂದರ ಮೇಲೆ. ಆ ಹೊತ್ತಿನಲ್ಲಿ ಬೆಂಗಳೂರಿನ ಯಾವುದಾದರೂ ಫ್ಲೈಓವರ್ ಮೇಲೆ ಒಂದು ಕಾರು ಪಟಾಕಿ ಸಿಡಿದ ಹಾಗೆ ಸದ್ದು ಮಾಡ್ತಾ ನನ್ನನ್ನು ದಾಟಿ ಹೋಗುತ್ತೆ. ಸೈಲೆನ್ಸರ್ ಬದಲಾಗಿದೆ, ಡಿಕ್ಕಿ ಮೇಲೆ ರೆಕ್ಕೆ ಬಂದಿದೆ, ಗಾಜಿನ ತುಂಬಾ ಸ್ಟಿಕ್ಕರ್. ಮಾರನೇ ದಿನ ಪೊಲೀಸರು ಅಂಥ ಕಾರನ್ನು ಹಿಡಿದರೆ ನಮಗೆ ಅದು ಒಂದು ನಿಮಿಷದ ಸುದ್ದಿ. ನಾವು ಓದ್ತೀವಿ, ನೀವು ಬೈತೀರಿ, ಮುಗೀತು.

ಬೈಯೋದು ಸರಿಯೇ. ಆದರೆ ಆ ಹುಡುಗ ಸಿಕ್ಕರೆ ನಾನು ಕೇಳೋ ಪ್ರಶ್ನೆ ಬೇರೆ. ತಮ್ಮಾ, ಆ ರೆಕ್ಕೆ ಹಾಕೋ ಮುಂಚೆ ನಿನ್ನ ಕಾರು ಒಂದು ತಿರುವನ್ನು ಎಷ್ಟು ವೇಗದಲ್ಲಿ ದಾಟ್ತಾ ಇತ್ತು? ಹಾಕಿದ ಮೇಲೆ ಎಷ್ಟು? ಬರೆದಿಟ್ಟಿದ್ದೀಯಾ? ಬರೆದಿಟ್ಟಿಲ್ಲ ಅಂದ್ರೆ ನೀನು ಮಾಡಿದ್ದು ಮಾಡಿಫಿಕೇಷನ್ ಅಲ್ಲ, ಅಲಂಕಾರ.

ಇದನ್ನು ದೊಡ್ಡಸ್ತಿಕೆಯಿಂದ ಹೇಳ್ತಿಲ್ಲ. ಇಂಜಿನಿಯರಿಂಗ್ ಕಾಲೇಜಿನ ಕೊನೇ ವರ್ಷ ನಾವು ನಾಲ್ಕು ಜನ ಸೇರಿ ಒಂದು ಗೋ-ಕಾರ್ಟ್ ಕಟ್ಟಿದ್ವಿ. ತಿರುವಿನಲ್ಲಿ ಅದರ ಹಿಂಭಾಗ ಜಾರ್ತಾ ಇತ್ತು. ಒಂದೇ ರಾತ್ರಿಯಲ್ಲಿ ಟೈರ್ ಗಾಳಿ ಇಳಿಸಿದ್ವಿ, ಸೀಟು ಹಿಂದಕ್ಕೆ ಸರಿಸಿದ್ವಿ, ಮುಂದಿನ ಚಕ್ರಗಳ ಕೋನವನ್ನೂ ಬದಲಿಸಿದ್ವಿ. ಬೆಳಿಗ್ಗೆ ಓಡಿಸಿದರೆ ಜಾರೋದು ನಿಂತಿತ್ತು. ಯಾಕೆ ನಿಂತಿತು ಅಂತ ಗೈಡ್ ಕೇಳಿದರು. ಮೂರರಲ್ಲಿ ಯಾವುದರಿಂದ ಅಂತ ನಮಗೆ ಗೊತ್ತೇ ಇರಲಿಲ್ಲ. ಅಂಕ ಕಡಿಮೆ ಬಂತು, ಬರಬೇಕಾದದ್ದೇ.

ಇವತ್ತು ಹೇಳೋದು, ಮನೆಯ ಗ್ಯಾರೇಜಿನಲ್ಲಿ ಹಳೇ ಕಾರು ಬಿಚ್ಚಿ ಕಟ್ಟಿ, ಅದನ್ನು ಓಡಿಸಿ, ಅದು ಹೇಳಿದ್ದನ್ನು ಕೇಳಿಸಿಕೊಂಡ ಒಬ್ಬ ಹುಡುಗನ ಇತಿಹಾಸ. ಅವನ ಹೆಸರು ನಿಮಗೆ ಗೊತ್ತು, ಮನುಷ್ಯನ ಹೆಸರಾಗಿ ಅಲ್ಲ, ಕಾರಿನ ಹೆಸರಾಗಿ. ಮೆಕ್ಲಾರೆನ್.

ಬ್ರೂಸ್ ಮೆಕ್ಲಾರೆನ್ ಹುಟ್ಟಿದ್ದು 1937ರ ಆಗಸ್ಟ್ 30ರಂದು, ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ. ಅಪ್ಪ ಲೆಸ್ ಅವರದು ಪೆಟ್ರೋಲ್ ಬಂಕ್ ಮತ್ತು ವರ್ಕ್‌ಶಾಪ್. ಅಪ್ಪನಿಗೂ ರೇಸ್ ಹುಚ್ಚು ಇತ್ತು, ಮೋಟಾರ್‌ಸೈಕಲ್ ಓಡಿಸಿದವರು. ಒಂಬತ್ತನೇ ವಯಸ್ಸಿಗೆ ಬ್ರೂಸ್‌ನ ಸೊಂಟದ ಕೀಲಿಗೆ ಪರ್ಥೀಸ್ ಅನ್ನೋ ಕಾಯಿಲೆ ಬಂತು. ತೊಡೆ ಮೂಳೆಯ ಮೇಲ್ತುದಿಗೆ ರಕ್ತ ಸರಿಯಾಗಿ ಹೋಗದೆ ಮೂಳೆ ಸವೆಯುವ ರೋಗ ಅದು. ಸುಮಾರು ಎರಡು ವರ್ಷ ಮಕ್ಕಳ ಆರೈಕೆಯ ಒಂದು ಸಂಸ್ಥೆಯಲ್ಲಿ, ಚಕ್ರ ಇರೋ ಮಂಚದ ಮೇಲೆ ಮಲಗಿಯೇ ಕಳೆದ. ಎದ್ದು ಓಡಾಡುವಾಗ ಎಡಗಾಲು ಬಲಗಾಲಿಗಿಂತ ಗಿಡ್ಡ. ಆ ಕುಂಟು ಕೊನೆಯವರೆಗೂ ಉಳೀತು.

ಹುಡುಗನಿಗೆ ಹದಿನಾಲ್ಕು ದಾಟುವ ಹೊತ್ತಿಗೆ ಅಪ್ಪ ಒಂದು ಹಳೇ ಕಾರು ತಂದರು, 1929ರ ಆಸ್ಟಿನ್ ಸೆವೆನ್ ಅಲ್‌ಸ್ಟರ್. ಕಾರು ಅಂದರೆ ಕಾರಲ್ಲ, ಬಿಚ್ಚಿದ ಭಾಗಗಳ ರಾಶಿ. ರಿಪೇರಿ ಮಾಡಿ ಮಾರೋದು ಅಪ್ಪನ ಲೆಕ್ಕ. ಜೋಡಿಸಿ ಒಂದು ಸುತ್ತು ಹೋಗಿ ಬಂದವರೇ ಅದು ರಸ್ತೆ ಹಿಡಿಯೋ ರೀತಿ ಕಂಡು ಹೆದರಿ, ಮಾರಿಬಿಡೋಣ ಅಂದರು. ಮಗ ಬಿಡಲಿಲ್ಲ. ಮನೆ ಹಿತ್ತಲಲ್ಲಿ ಹಣ್ಣಿನ ಮರಗಳ ಮಧ್ಯೆ ಎಂಟರ ಆಕಾರದ ಒಂದು ದಾರಿ ಮಾಡಿಕೊಂಡು ಅಲ್ಲೇ ಓಡಿಸಿ ಕಲಿತ. ಅವನ ಮೊದಲ ಟೆಸ್ಟ್ ಟ್ರ್ಯಾಕ್ ಅಮ್ಮನ ಹಿತ್ತಲು!

ಆ ಕಾರಿನ ಎಂಜಿನ್ 747 ಸಿಸಿ. ನಮ್ಮ ಮಾರುತಿ 800ಕ್ಕಿಂತ ಸಣ್ಣದು. ಅದರಿಂದ ಹೆಚ್ಚು ಶಕ್ತಿ ತೆಗೆಯೋಕೆ ಬ್ರೂಸ್ ಏನು ಮಾಡಿದ ನೋಡಿ. 1936ರ ಇನ್ನೊಂದು ಮಾದರಿಯ ಆಸ್ಟಿನ್‌ನ ಸಿಲಿಂಡರ್ ಹೆಡ್ ತಂದ. ಪೆಟ್ರೋಲ್ ಉರಿಯುವ ಕೋಣೆ ಇರುತ್ತಲ್ಲ, ಅದಕ್ಕೆ ಕಂಚು ತುಂಬಿಸಿ, ಬೇಕಾದ ಆಕಾರಕ್ಕೆ ಕೈಯಲ್ಲೇ ಕೊರೆದ. ಕೋಣೆ ಚಿಕ್ಕದಾದಷ್ಟೂ ಒತ್ತಡ ಹೆಚ್ಚು, ಒತ್ತಡ ಹೆಚ್ಚಿದಷ್ಟೂ ಶಕ್ತಿ ಹೆಚ್ಚು. ಮಿತಿ ಮೀರಿದರೆ ಎಂಜಿನ್ ಒಡೆಯುತ್ತೆ. ಆ ಮಿತಿ ಎಲ್ಲಿದೆ ಅಂತ ಪುಸ್ತಕ ಹೇಳಲ್ಲ, ಓಡಿಸಿಯೇ ತಿಳೀಬೇಕು. 1952ರಲ್ಲಿ ಮುರಿವಾಯ್ ಅನ್ನೋ ಕಡಲತೀರದ ಬೆಟ್ಟ ಹತ್ತುವ ಸ್ಪರ್ಧೆಯಲ್ಲಿ ಆ ಪುಟ್ಟ ಕಾರು ತನ್ನ ವರ್ಗದಲ್ಲಿ ಗೆದ್ದಿತು.

ಮುಂದಿನದು ಬೇಗ ಹೇಳ್ತೀನಿ. ಆಕ್ಲೆಂಡ್‌ನಲ್ಲಿ ಇಂಜಿನಿಯರಿಂಗ್ ಓದು, 1958ರಲ್ಲಿ ಯುರೋಪಿಗೆ ಕಳಿಸುವ ಚಾಲಕರ ವಿದ್ಯಾರ್ಥಿವೇತನ, ಕೂಪರ್ ತಂಡದಲ್ಲಿ ಜಾಗ. 1959ರ ಡಿಸೆಂಬರ್‌ನಲ್ಲಿ ಅಮೆರಿಕದ ಸೆಬ್ರಿಂಗ್‌ನಲ್ಲಿ ಗ್ರ್ಯಾಂಡ್ ಪ್ರಿ ಗೆದ್ದಾಗ ಅವರಿಗೆ 22 ವರ್ಷ 104 ದಿನ. ಇಂಡಿಯಾನಾಪೊಲಿಸ್ ಓಟದ ಲೆಕ್ಕ ಬಿಟ್ಟರೆ ಅಷ್ಟು ಚಿಕ್ಕ ವಯಸ್ಸಿನ ವಿಜೇತ ಮತ್ತೆ ಬಂದಿದ್ದು 2003ರಲ್ಲಿ, ಫರ್ನಾಂಡೊ ಅಲೊನ್ಸೊ. ಇಷ್ಟು ಸಾಕು ಅಂತ ಯಾರಾದರೂ ಕೂತುಬಿಡ್ತಿದ್ದರು. ಬ್ರೂಸ್‌ಗೆ ಬೇರೆಯವರ ಕಾರು ಓಡಿಸೋದಕ್ಕಿಂತ ಕಾರು ಬಿಚ್ಚೋದೇ ಇಷ್ಟ. 1963ರಲ್ಲಿ ಇಂಗ್ಲೆಂಡಿನಲ್ಲಿ ಸ್ವಂತ ತಂಡ ಕಟ್ಟಿದರು. ಮೊದಲ ವರ್ಕ್‌ಶಾಪ್ ನ್ಯೂ ಮಾಲ್ಡನ್‌ನ ಒಂದು ಮಣ್ಣು ನೆಲದ ಶೆಡ್. ಜೊತೆಗೆ ಬಾಡಿಗೆದಾರ ಯಾರು ಗೊತ್ತಾ? ರಸ್ತೆ ಸಮ ಮಾಡುವ ಒಂದು ಗ್ರೇಡರ್ ಯಂತ್ರ.

ಆ ಶೆಡ್ಡಿಗೆ 1964ರಲ್ಲಿ ಬಂದ ಕಾರಿನ ಜಾತಕ ಮಜವಾಗಿದೆ. ಅದು ಹುಟ್ಟಿದ್ದು ಕೂಪರ್ ಫಾರ್ಮುಲಾ ವನ್ ಕಾರಾಗಿ. 1961ರಲ್ಲಿ ಅಮೆರಿಕದಲ್ಲಿ ಅಪಘಾತವಾಗಿ ಜಖಂ ಆಯಿತು. ರೋಜರ್ ಪೆನ್ಸ್‌ಕಿ ಅನ್ನೋ ಯುವಕ ಅದನ್ನು ಕೊಂಡು, ಮೇಲೆ ಹೊಸ ಬಾಡಿ ಹೊದಿಸಿ, ಸ್ಪೋರ್ಟ್ಸ್ ಕಾರುಗಳ ರೇಸಿಗೆ ಇಳಿಸಿದರು. ಆಂಟಿಫ್ರೀಜ್ ಬ್ರ್ಯಾಂಡಿನ ಹೆಸರಲ್ಲಿ ಅದು 'ಝೆರೆಕ್ಸ್ ಸ್ಪೆಷಲ್' ಆಯಿತು. ನಿಯಮದ ಸಂದುಗಳಲ್ಲಿ ನುಸುಳಿ ಹೋದ ಕಾರು ಅಂತ ಬೈಸಿಕೊಂಡಿತು, ರೇಸುಗಳನ್ನೂ ಗೆದ್ದಿತು. ಬ್ರೂಸ್ ಅದನ್ನು ಕೊಂಡು ನಡುಭಾಗದ ಚೌಕಟ್ಟನ್ನೇ ಕತ್ತರಿಸಿ ಹೊಸದು ಬೆಸೆದು, ಓಲ್ಡ್ಸ್‌ಮೊಬೈಲ್‌ನ ಅಲ್ಯೂಮಿನಿಯಂ ವಿ8 ಎಂಜಿನ್ ಕೂರಿಸಿದರು. ಆ ಜೂನ್‌ನಲ್ಲೇ ಕೆನಡಾದ ಮಾಸ್‌ಪೋರ್ಟ್ ಟ್ರ್ಯಾಕಿನಲ್ಲಿ ಅದು ಗೆದ್ದಿತು. ಮಾಸ್‌ಪೋರ್ಟ್ ಹೆಸರು ನೆನಪಿಟ್ಟುಕೊಳ್ಳಿ.

ಈಗ ಗುಡ್‌ವುಡ್‌ಗೆ ಬರೋಣ. ಇಂಗ್ಲೆಂಡಿನ ದಕ್ಷಿಣದಲ್ಲಿ, ಎರಡನೇ ಮಹಾಯುದ್ಧದಲ್ಲಿ ಫೈಟರ್ ವಿಮಾನಗಳು ಹಾರುತ್ತಿದ್ದ ವೆಸ್ಟ್‌ಹ್ಯಾಂಪ್‌ನೆಟ್ ನೆಲೆ ಇತ್ತು. ಅದರ ಸುತ್ತಲಿನ ರಸ್ತೆಯೇ 1948ರಲ್ಲಿ ಗುಡ್‌ವುಡ್ ರೇಸ್ ಟ್ರ್ಯಾಕ್ ಆಯಿತು. ಯುದ್ಧ ಬಿಟ್ಟು ಹೋದ ಏರ್‌ಫೀಲ್ಡ್‌ಗಳೇ ಆ ಕಾಲದ ರೇಸಿಗರ ಪಾಲಿನ ಆಸ್ತಿ. ಚೆನ್ನೈ ಹತ್ತಿರದ ಶೋಲಾವರಂ ಕೂಡ ಅಂಥದ್ದೇ ಏರ್‌ಸ್ಟ್ರಿಪ್. ಬೆಂಗಳೂರಿನ ಗ್ಯಾರೇಜುಗಳಲ್ಲಿ ಬಿಚ್ಚಿ ಕಟ್ಟಿದ ಫಿಯಟ್, ಹೆರಾಲ್ಡ್‌ಗಳು ತಮ್ಮ ಬಂಡವಾಳ ತೋರಿಸೋಕೆ ಅಲ್ಲಿಗೇ ಹೋಗಬೇಕಿತ್ತು. ಗುಡ್‌ವುಡ್‌ನಲ್ಲಿ 1966ರಲ್ಲಿ ರೇಸುಗಳು ನಿಂತವು, ಆದರೆ ಟೆಸ್ಟಿಂಗ್ ನಿಲ್ಲಲಿಲ್ಲ. ಖಾಲಿ ಸ್ಟ್ಯಾಂಡು, ಪ್ರೇಕ್ಷಕರಿಲ್ಲ, ಒಂದೇ ಕಾರು, ನಾಲ್ಕೈದು ಮೆಕ್ಯಾನಿಕ್‌ಗಳು, ಒಂದು ಸ್ಟಾಪ್‌ವಾಚು, ಒಂದು ನೋಟ್‌ಬುಕ್ಕು.

ಟೆಸ್ಟಿಂಗ್ ದಿನ ಏನು ಮಾಡ್ತಾರೆ? ಟಿವಿಯಲ್ಲಿ ರೇಸ್ ನೋಡೋರಿಗೆ ಇದು ಕಾಣೋದೇ ಇಲ್ಲ. ಮೊದಲು ಕಾರು ಇದ್ದ ಹಾಗೇ ಕೆಲವು ಸುತ್ತು, ಸಮಯ ಬರೆದುಕೊಳ್ಳೋದು. ಆಮೇಲೆ ಒಂದೇ ಒಂದು ಬದಲಾವಣೆ. ಮತ್ತೆ ಸುತ್ತು. ಒಳಗೆ ಬಂದ ತಕ್ಷಣ ಪ್ರತಿ ಟೈರಿನ ಒಳಅಂಚು, ನಡು, ಹೊರಅಂಚು ಎಷ್ಟು ಬಿಸಿಯಾಗಿದೆ ಅಂತ ಅಳೆಯೋದು. ನಡು ಮಾತ್ರ ಜಾಸ್ತಿ ಬಿಸಿಯಾಗಿದ್ರೆ ಗಾಳಿ ಹೆಚ್ಚಾಗಿದೆ. ಒಳಅಂಚು ತೀರಾ ಬಿಸಿಯಾಗಿದ್ರೆ ಚಕ್ರ ಒಳಕ್ಕೆ ಹೆಚ್ಚು ವಾಲಿದೆ. ಸಂಜೆ ಹೊತ್ತಿಗೆ ಎಲ್ಲ ಬದಲಾವಣೆ ತೆಗೆದು, ಬೆಳಿಗ್ಗೆಯ ಸ್ಥಿತಿಗೇ ತಂದು ಮತ್ತೊಮ್ಮೆ ಓಡಿಸ್ತಾರೆ. ಯಾಕಂದ್ರೆ ಬಿಸಿಲು ಏರಿರುತ್ತೆ, ಟ್ರ್ಯಾಕ್ ಮೇಲೆ ರಬ್ಬರ್ ಕೂತಿರುತ್ತೆ. ಕಾವಲಿ ಮೇಲೆ ಮೊದಲನೇ ದೋಸೆಗೂ ಹತ್ತನೇ ದೋಸೆಗೂ ವ್ಯತ್ಯಾಸ ಇಲ್ವಾ? ಹಿಟ್ಟು ಚೆನ್ನಾಗಾಯ್ತೋ ಕಾವಲಿ ಕಾಯ್ತೋ, ಅದನ್ನು ಬೇರೆ ಮಾಡಿ ತಿಳೀಬೇಕು.

ಇಂಥ ಒಂದು ಟೆಸ್ಟಿಂಗ್ ದಿನದ ಕಥೆಯನ್ನು ಬ್ರೂಸ್ ಜೊತೆ ಇದ್ದವರು ಹೇಳ್ತಾ ಬಂದಿದ್ದಾರೆ. ಕಾರಿನ ಮೂತಿಯ ಮೇಲೆ ಒಂದು ಸಣ್ಣ ಮುಚ್ಚಳ ಇತ್ತು. ವೇಗ ಹೆಚ್ಚಿದ ಹಾಗೆ ಅದು ಪಟಪಟ ಬಡ್ಕೊಂಡು ಮೇಲೇಳ್ತಾ ಇರೋದನ್ನು ಬ್ರೂಸ್ ನೋಡಿದರು. ನೀವು, ನಾನು ಆಗಿದ್ರೆ ಏನು ಮಾಡ್ತಿದ್ವಿ? ಒಳಗೆ ಬಂದು 'ಅದಕ್ಕೊಂದು ಟೇಪ್ ಹಚ್ರಪ್ಪಾ' ಅಂತಿದ್ವಿ. ಬ್ರೂಸ್ ಯೋಚನೆ ಬೇರೆ. ಎದುರು ಗಾಳಿ ಮುಚ್ಚಳವನ್ನು ಕೆಳಕ್ಕೆ ಒತ್ತಬೇಕಿತ್ತು. ಅದು ಮೇಲೇಳ್ತಿದೆ ಅಂದ್ರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಜಾಸ್ತಿ. ಅಂದ್ರೆ ಮೂತಿಯಿಂದ ನುಗ್ಗಿ ರೇಡಿಯೇಟರ್ ದಾಟಿದ ಗಾಳಿ ಹೊರಗೆ ಹೋಗೋಕೆ ದಾರಿ ಇಲ್ಲದೆ ಒಳಗೇ ಕಟ್ಟಿಕೊಂಡು, ಕಾರಿನ ಮೂತಿಯನ್ನೇ ಮೇಲಕ್ಕೆ ಎತ್ತುತ್ತಿದೆ. ಪಿಟ್‌ಗೆ ಬಂದವರೇ ತಗಡು ಕತ್ತರಿ ಹಿಡಿದು ರೇಡಿಯೇಟರ್ ಹಿಂದಿನ ಬಾಡಿಯನ್ನು ಕತ್ತರಿಸಿ ಹಾಕಿದರು. ಮತ್ತೆ ಹೋದರು. ಕಾರು ಮೊದಲಿಗಿಂತ ವೇಗವಾಗಿತ್ತು. ಆಮೇಲೆ ರೇಸ್ ಕಾರುಗಳ ಮೂತಿಯ ಮೇಲೆ 'ಮೂಗಿನ ಹೊಳ್ಳೆ' ಅಂತ ಕರೆಸಿಕೊಂಡ ರಂಧ್ರಗಳು ಸಾಮಾನ್ಯವಾದವು.

ಮುಚ್ಚಳ ಅಲ್ಲಿ ಕೆಟ್ಟಿರಲಿಲ್ಲ. ಅದು ಪುಕ್ಕಟೆ ಸಿಕ್ಕ ಮೀಟರ್ ಆಗಿತ್ತು.

ಕಾಂಕಾರ್ಡ್ ವಿಮಾನದ ಸಂಶೋಧನೆಯಲ್ಲಿದ್ದ ರಾಬಿನ್ ಹರ್ಡ್ ಅವರನ್ನು ಬ್ರೂಸ್ 1965ರಲ್ಲಿ ತಂಡಕ್ಕೆ ಕರೆತಂದರು. ಉತ್ತರ ಅಮೆರಿಕದ ಕ್ಯಾನ್-ಆ್ಯಮ್ ಸರಣಿಗೆ 1967ರಲ್ಲಿ ಎಂ6ಎ ಕಾರು ತಯಾರಾಯಿತು. ಬೇರೆ ತಂಡಗಳು ಕೊನೇ ಗಳಿಗೆಯಲ್ಲಿ ಪೇಂಟ್ ಒಣಗಿಸುತ್ತಾ ರೇಸಿಗೆ ಬರುವ ಕಾಲದಲ್ಲಿ, ಇವರ ಕಾರು ಬೇಸಿಗೆಯಿಡೀ ಗುಡ್‌ವುಡ್‌ನಲ್ಲಿ ಸುತ್ತಿ ಸುತ್ತಿ ತನ್ನ ತಪ್ಪುಗಳನ್ನೆಲ್ಲ ಮುಗಿಸಿಕೊಂಡೇ ಬಂತು. ಆರರಲ್ಲಿ ಐದು ರೇಸ್ ಗೆದ್ದಿತು. 1969ರಲ್ಲಿ ಹನ್ನೊಂದಕ್ಕೆ ಹನ್ನೊಂದೂ ಮೆಕ್ಲಾರೆನ್ ಪಾಲು. ಆರು ಬ್ರೂಸ್, ಐದು ಅವರ ಊರಿನವರೇ ಅನ್ನಬಹುದಾದ ನ್ಯೂಜಿಲೆಂಡಿನ ಡೆನ್ನಿ ಹಲ್ಮ್.

1969ರ ಕಾರಿನ ಹಿಂದಿನ ರೆಕ್ಕೆ ಎತ್ತರದ ಕಂಬಗಳ ಮೇಲೆ ನಿಂತು, ಗಾಳಿಯ ಒತ್ತಡವನ್ನು ನೇರವಾಗಿ ಚಕ್ರದ ಸಸ್ಪೆನ್ಷನ್‌ಗೆ ಇಳಿಸುತ್ತಿತ್ತು. ಬೇರೆ ಬೇರೆ ರೇಸುಗಳಲ್ಲಿ ಇಂಥ ರೆಕ್ಕೆಗಳು ಮುರಿದು ಅಪಘಾತಗಳಾದ ಮೇಲೆ ಅವಕ್ಕೆ ನಿಷೇಧ ಬಂತು. ಹಾಗಾಗಿ 1970ರ ಹೊಸ ಕಾರು ಎಂ8ಡಿಯಲ್ಲಿ ರೆಕ್ಕೆ ಕೆಳಗಿಳಿದು, ಹಿಂಭಾಗದ ಬಾಡಿಯ ಎರಡು ಕಿವಿಗಳ ನಡುವೆ ಕೂತಿತು. ಅಂದ್ರೆ ಈಗ ಗಾಳಿ ಒತ್ತುವ ಭಾರ ಹೊರಬೇಕಾದದ್ದು ತೆಗೆದು ಹಾಕಬಹುದಾದ ಆ ಬಾಡಿ.

1970ರ ಜೂನ್ 2, ಮಂಗಳವಾರ. ಗುಡ್‌ವುಡ್. ಸೀಸನ್ನಿನ ಮೊದಲ ರೇಸಿಗೆ ಹನ್ನೆರಡು ದಿನ ಇತ್ತು. ಬ್ರೂಸ್ ಎಂ8ಡಿಯನ್ನು ಟೆಸ್ಟ್ ಮಾಡ್ತಾ ಇದ್ದರು, ಹೋಗೋದು, ಬರೋದು, ಸಣ್ಣದೇನೋ ಬದಲಿಸೋದು, ಮತ್ತೆ ಹೋಗೋದು. ಮಧ್ಯಾಹ್ನ ಹನ್ನೆರಡು ದಾಟಿತ್ತು. ಉದ್ದನೆಯ ನೇರ ದಾರಿಯಲ್ಲಿ ಪೂರ್ತಿ ವೇಗದಲ್ಲಿದ್ದಾಗ ಹಿಂಭಾಗದ ಬಾಡಿ ಕಳಚಿಕೊಂಡು ಎದ್ದಿತು. ಅದರ ಜೊತೆಗೇ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿದಿದ್ದ ಒತ್ತಡವೂ ಹೋಯಿತು. ಕಾರು ಗಿರಗಿರನೆ ತಿರುಗಿ ಟ್ರ್ಯಾಕ್ ಪಕ್ಕದ ಒಂದು ದಿಬ್ಬಕ್ಕೆ ಬಡಿಯಿತು. ರೇಸುಗಳು ನಡೆಯುತ್ತಿದ್ದ ಕಾಲದಲ್ಲಿ ಬಾವುಟ ಹಿಡಿದು ಮಾರ್ಷಲ್‌ಗಳು ನಿಲ್ಲೋಕೆ ಅಂತ ಮಾಡಿದ್ದು ಅದು. ನಾಲ್ಕು ವರ್ಷದಿಂದ ಅಲ್ಲಿ ಯಾರೂ ನಿಂತಿರಲಿಲ್ಲ. ಬ್ರೂಸ್ ಸ್ಥಳದಲ್ಲೇ ತೀರಿಕೊಂಡರು. ವಯಸ್ಸು 32.

ಇದನ್ನು ಓದಿದಾಗಲೆಲ್ಲ ನನಗೆ ಆ ಪುಟ್ಟ ಮುಚ್ಚಳ ನೆನಪಾಗುತ್ತೆ. ಅದೇ ಗಾಳಿ, ಅದೇ ಎದ್ದೇಳೋ ಬಾಡಿ. ಮೊದಲ ಸಲ ನೋಡಿ ಯೋಚಿಸೋಕೆ ಅರ್ಧ ಸುತ್ತಿನಷ್ಟು ಸಮಯ ಸಿಕ್ಕಿತ್ತು. ಎರಡನೇ ಸಲ ಅದಾಗಿದ್ದು ಬೆನ್ನ ಹಿಂದೆ. ಇದೇನೂ ಒಂದೇ ಸಲದ ದುರದೃಷ್ಟ ಅಲ್ಲ. 1972ರಲ್ಲಿ ಅಮೆರಿಕದ ರೋಡ್ ಅಟ್ಲಾಂಟದಲ್ಲಿ ಪೋರ್ಷೆ ಟೆಸ್ಟ್ ಮಾಡ್ತಿದ್ದ ಮಾರ್ಕ್ ಡೊನಹ್ಯೂ, ಅವರೂ ಇಂಜಿನಿಯರಿಂಗ್ ಪದವೀಧರ, ಹಿಂಭಾಗದ ಬಾಡಿ ಹೀಗೇ ಹಾರಿಹೋಗಿ ಕಾಲು ಜಖಂ ಮಾಡಿಕೊಂಡರು. ಟೆಸ್ಟಿಂಗ್ ಅಂದ್ರೆ ಸುರಕ್ಷಿತ ರಿಹರ್ಸಲ್ ಅಂತ ನಾವು ಅಂದ್ಕೊಂಡಿರ್ತೀವಿ. ಹಾಗಲ್ಲ. ರೇಸಿಗೆ ಬರೋ ಕಾರಿನ ದೋಷಗಳು ಬಹುಪಾಲು ಗೊತ್ತಾಗಿರ್ತವೆ. ಟೆಸ್ಟಿಗೆ ಬಂದ ಕಾರಿನ ದೋಷ ಯಾವುದು ಅಂತ ಕಂಡುಹಿಡಿಯೋಕೇ ಒಬ್ಬ ಮನುಷ್ಯ ಅದರೊಳಗೆ ಕೂತಿರ್ತಾನೆ.

ಅಂದು ಸಂಜೆ ಮೆಕ್ಲಾರೆನ್ ವರ್ಕ್‌ಶಾಪಿನವರಿಗೆ ನಾಳೆ ಕೆಲಸಕ್ಕೆ ಬರೋದು ಬೇಡ ಅಂತ ಹೇಳಿದ್ದರು. ಬೆಳಿಗ್ಗೆ ಎಲ್ಲರೂ ಬಂದರು. ಡೆನ್ನಿ ಹಲ್ಮ್ ಅವರ ಎರಡೂ ಕೈ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್‌ನ ಬೆಂಕಿಯಲ್ಲಿ ಸುಟ್ಟಿದ್ದವು, ಇನ್ನೂ ಮಾಗಿರಲಿಲ್ಲ. ಬ್ರೂಸ್ ಸೀಟಿಗೆ ಅಮೆರಿಕದ ಡ್ಯಾನ್ ಗರ್ನಿ ಅವರನ್ನು ಕರೆದರು. ಕಿತ್ತಳೆ ಬಣ್ಣದ ಎರಡು ಎಂ8ಡಿಗಳು ಕೆನಡಾಕ್ಕೆ ಹೋದವು. ಜೂನ್ 14ರಂದು ಮೊದಲ ರೇಸ್ ಇದ್ದದ್ದು ಮಾಸ್‌ಪೋರ್ಟ್‌ನಲ್ಲಿ, ಆರು ವರ್ಷದ ಹಿಂದೆ ಕತ್ತರಿಸಿ ಬೆಸೆದ ಝೆರೆಕ್ಸ್ ಗೆದ್ದಿದ್ದ ಅದೇ ಟ್ರ್ಯಾಕು. ಗರ್ನಿ ಗೆದ್ದರು. ಹಲ್ಮ್ ಆ ಕೈಗಳಲ್ಲೇ ಸ್ಟೀರಿಂಗ್ ಹಿಡಿದು ಮೂರನೆಯವರಾಗಿ ಬಂದರು, ವರ್ಷದ ಕೊನೆಗೆ ಚಾಂಪಿಯನ್ ಆದರು.

ಹಿತ್ತಲಲ್ಲಿ ಎಂಟರ ಆಕಾರದಲ್ಲಿ ಸುತ್ತಿದ ಆ 1929ರ ಆಸ್ಟಿನ್ ಇವತ್ತಿಗೂ ಇದೆ. ಇಂಗ್ಲೆಂಡಿನ ವೋಕಿಂಗ್‌ನಲ್ಲಿ, ಗಾಜಿನ ದೊಡ್ಡ ಕಟ್ಟಡದೊಳಗೆ, ಮೆಕ್ಲಾರೆನ್ ಕಂಪನಿಯ ಕಾರುಗಳ ಸಾಲಿನಲ್ಲಿ ನಿಂತಿದೆ.